ಮರಳಿಯ ಹಿತ್ತಿಲಲ್ಲೊಂದು ಎತ್ತಿಡುವ ಅಂಗಳ

ಗಂಗಾವತಿ ದಾಟಿ ಮರಳಿ ಕಡೆ ಹೊರಟರೆ, ಪೇಟೆ ಮುಗಿದದ್ದು ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತೆ. ರೈಸ್ ಮಿಲ್ಲುಗಳ ಹೊಟ್ಟು, ತೌಡಿನ ವಾಸನೆ ಹಿಂದೆ ಉಳಿದು, ನೀರು ನಿಂತ ಗದ್ದೆಯ ಹಸಿ ವಾಸನೆ ಬಸ್ಸಿನ ಕಿಟಕಿಯೊಳಗೆ ಬರುತ್ತೆ. ಆನೆಗೊಂದಿ ಕಡೆಯ ಬಂಡೆಗುಡ್ಡಗಳು ಸಣ್ಣದಾಗುತ್ತಾ ಹೋಗುತ್ತವೆ. ಮುಂದೆ ಎಲ್ಲ ಸಪಾಟು. ಬೆಳೆ ನಿಂತಿದ್ದರೆ ಹಸಿರು, ಕೊಯ್ಲಾಗಿದ್ದರೆ ಹುಲ್ಲಿನ ಹಳದಿ.

ಹಂಪಿ ನೋಡಲು ಬರುವವರು, ಅಂಜನಾದ್ರಿ ಬೆಟ್ಟ ಹತ್ತಲು ಬರುವವರು ಸಾಮಾನ್ಯವಾಗಿ ಈ ಕಡೆ ತಿರುಗೋದಿಲ್ಲ. ಗಂಗಾವತಿ ತಾಲೂಕಿನ ಮರಳಿ ಒಂದು ಹೋಬಳಿ ಊರು. ಇನ್‌ಸ್ಟಾಗ್ರಾಮ್‌ಗೆ ಹಾಕುವಂಥ ಗೋಪುರ ನನಗಂತೂ ಸಿಕ್ಕಿಲ್ಲ. ಇಲ್ಲಿ ನೋಡಬೇಕಾದದ್ದು ನೆಲ. ಈ ಲೇಖನವೂ ನೆಲದ ಬಗ್ಗೆಯೇ. ಅಕ್ಕನನ್ನು ಕೊಟ್ಟ ಊರಿದು. ಈ ವರ್ಷ ಸಂಕ್ರಾಂತಿಗೆ ಒಂದು ವಾರ ರಜೆ ಹಾಕಿ ನಾನು ಬಂದದ್ದು ಅಕ್ಕನ ಮನೆಯ ಹಿತ್ತಿಲಲ್ಲಿ ಮರದ ಆಟದ ನೆಲ ಹಾಕಿಸೋಕೆ. ಬೇಕಾದಾಗ ಹಾಸಿ, ಬೇಡವಾದಾಗ ಎತ್ತಿಡುವಂಥ ನೆಲ.

"ಹಿತ್ತಿಲಲ್ಲಿ ವುಡನ್ ಕೋರ್ಟಾ?" ಅಂತ ಆಫೀಸಿನಲ್ಲಿ ನಕ್ಕರು. ನಗುವಂಥದ್ದೇ. ಆದರೆ ಮರಳಿಯ ಮಣ್ಣು, ಮರಳಿಯ ಸುಗ್ಗಿ ಗೊತ್ತಿದ್ದವರಿಗೆ ಇದಕ್ಕಿಂತ ಸರಿಯಾದ ದಾರಿ ಬೇರೆ ಇಲ್ಲ ಅನ್ನೋದು ಬೇಗ ತಿಳಿಯುತ್ತೆ.

ಒಂದು ಅಂಗಳ, ಇಬ್ಬರು ಯಜಮಾನರು

ತುಂಗಭದ್ರಾ ಅಣೆಕಟ್ಟೆಯಿಂದ ಕಾಲುವೆಗೆ ನೀರು ಬಿಟ್ಟದ್ದು 1953ರಲ್ಲಿ. ಎಡದಂಡೆ ಕಾಲುವೆ ಈ ಭಾಗಕ್ಕೆ ಬಂದ ಮೇಲೆ ಜೋಳ, ಸಜ್ಜೆಯ ಹೊಲಗಳು ಭತ್ತದ ಗದ್ದೆಗಳಾದವು. ಆಂಧ್ರದ ಕಡೆಯಿಂದ ಬಂದ ರೈತರು ಕ್ಯಾಂಪ್‌ಗಳನ್ನು ಕಟ್ಟಿಕೊಂಡು ನೆಲೆ ನಿಂತರು. ಗಂಗಾವತಿಗೆ 'ಭತ್ತದ ಕಣಜ' ಅನ್ನೋ ಹೆಸರು ಬಂತು. ಇಲ್ಲಿನವರ ಬಾಯಲ್ಲಿ ಭತ್ತಕ್ಕೆ ನೆಲ್ಲು ಅಂತಾರೆ.

ಇಲ್ಲಿ ಮನೆಯ ಕ್ಯಾಲೆಂಡರ್ ನಡೆಯೋದು ಅಣೆಕಟ್ಟೆಯ ಗೇಟಿನ ಮೇಲೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಬೆಂಗಳೂರಿನಲ್ಲಿದ್ದ ನನಗೆ ಅದು ಫೋನಿನಲ್ಲಿ ಬಂದ ಸುದ್ದಿ. ಅಕ್ಕನ ಮನೆಯಲ್ಲಿ ಅದು ವರ್ಷದ ಲೆಕ್ಕ. ಮಾವ, ಅಂದರೆ ಅಕ್ಕನ ಗಂಡ, ಎರಡು ದಿನ ಊಟದ ಮುಂದೆ ಸುಮ್ಮನೆ ಕೂತಿದ್ದರಂತೆ.

ನೀರು ಸರಿಯಾಗಿ ಬಂದ ವರ್ಷ ಎರಡು ಬೆಳೆ. ಮುಂಗಾರಿನ ನೆಲ್ಲು ನವೆಂಬರ್–ಡಿಸೆಂಬರ್‌ನಲ್ಲಿ, ಬೇಸಿಗೆಯದು ಏಪ್ರಿಲ್–ಮೇನಲ್ಲಿ ಕೊಯ್ಲಿಗೆ ಬರುತ್ತೆ. ಈಗ ಕಟಾವು ಮಾಡೋದು ಯಂತ್ರ. ಅರ್ಧ ದಿನದಲ್ಲಿ ಎಕರೆಗಟ್ಟಲೆ ನೆಲ್ಲು ಟ್ರ್ಯಾಲಿಗೆ ಬಂದು ಬೀಳುತ್ತೆ. ಆದರೆ ಹಸಿ ಇರುತ್ತೆ. ಸರ್ಕಾರಿ ಖರೀದಿಗೆ ಭತ್ತದಲ್ಲಿ ತೇವಾಂಶ ಶೇ. 17 ಮೀರಬಾರದು. ಹಾಗಾಗಿ ಒಣಗಿಸಲೇಬೇಕು. ರಸ್ತೆಯ ಅರ್ಧ ಭಾಗಕ್ಕೆ ನೆಲ್ಲು ಹರವಿರೋದನ್ನು ಈ ಕಡೆ ಓಡಾಡಿದವರೆಲ್ಲ ನೋಡಿರ್ತೀರಿ. ಹಿತ್ತಲು ಇದ್ದವರಿಗೆ ಹಿತ್ತಲೇ ಒಣಗಿಸುವ ಅಂಗಳ.

ಅಕ್ಕನ ಮನೆಯ ಹಿತ್ತಲಿಗೆ ಹೀಗೆ ಒಬ್ಬ ಯಜಮಾನ ಮೊದಲಿಂದಲೂ ಇದ್ದಾನೆ: ನೆಲ್ಲು. ಎರಡನೇ ಯಜಮಾನಿ ಅಕ್ಕನ ಮಗಳು. ಎಂಟನೇ ಕ್ಲಾಸ್. ಶಾಲೆಯಲ್ಲಿ ಶಟಲ್ ಆಡ್ತಾಳೆ. ಹೋಬಳಿ ಮಟ್ಟ ಗೆದ್ದು ಮುಂದಿನ ಹಂತಕ್ಕೆ ಹೋದಾಗ ಮೊದಲ ಸಲ ಮರದ ನೆಲದ ಮೇಲೆ ಆಡಿದಳು. ಆ ರಾತ್ರಿ ನನಗೆ ಫೋನ್ ಮಾಡಿ ಸೋತದ್ದನ್ನು ಹೇಳಲೇ ಇಲ್ಲ. "ಚಿಗವ್ವ, ಅಲ್ಲಿ ಕಾಲು ನೆಲಕ್ಕ ಬಡಿಯಂಗಿಲ್ಲ. ನೆಲಾನ ಕಾಲ ಎತ್ತಿ ಕೊಡತೈತಿ" ಅಂದಳು.

ಆಮೇಲೆ ಅವಳಿಗೆ ಮೊಣಕಾಲ ಚಿಪ್ಪಿನ ಕೆಳಗೆ ನೋವು ಶುರುವಾಯಿತು. ಬೆಳೆಯುವ ವಯಸ್ಸಿನಲ್ಲಿ ಜಿಗಿಯುವ ಆಟ ಆಡುವ ಮಕ್ಕಳಿಗೆ ಬರುವಂಥ ನೋವು. ಸ್ವಲ್ಪ ದಿನ ವಿಶ್ರಾಂತಿ ಕೊಡಿ, ಸಿಮೆಂಟಿನ ಮೇಲೆ ಜಿಗಿಸಬೇಡಿ ಅಂದರು ಡಾಕ್ಟರು. ಅವಳು ದಿನಾ ಆಡುತ್ತಿದ್ದದ್ದು ಮನೆಯ ಮುಂದಿನ ಸಿಮೆಂಟ್ ರಸ್ತೆಯಲ್ಲಿ.

ಡಾಕ್ಟರು ಹೇಳಿದ್ದು ಮೊಣಕಾಲಿನ ಮಾತು. ಮನೆಯಲ್ಲಿ ಅದು ಬೇರೆ ಮಾತಾಯಿತು. "ದೊಡ್ಡಾಕಿ ಆಗ್ಯಾಳ, ಸಾಕಲ್ಲ ಇನ್ನ ಆಟ" ಅಂತ ಅಜ್ಜಿ. "ಓಣ್ಯಾಗ ಆಡಿದ್ರ ಮಂದಿ ಒಂದು ಅಂತಾರ" ಅಂತ ಅಕ್ಕ. ಮಾವ ಏನೂ ಅನ್ನಲಿಲ್ಲ. ಹುಡುಗಿಯರ ಆಟ ನಮ್ಮ ಮನೆಗಳಲ್ಲಿ ಹೀಗೇ ನಿಲ್ಲುತ್ತೆ. ಯಾರೂ ಬೈದು ನಿಲ್ಲಿಸೋದಿಲ್ಲ. ಒಂದು ನೋವು, ಒಂದು ಪರೀಕ್ಷೆ, ಒಂದು ಸುಗ್ಗಿ ಬರುತ್ತೆ. ರಾಕೆಟ್ ಅಟ್ಟದ ಮೇಲೆ ಹೋಗುತ್ತೆ. ವರ್ಷ ಕಳೆದ ಮೇಲೆ ಅದನ್ನು ಯಾರೂ ಇಳಿಸೋದಿಲ್ಲ.

ಎರಿ ಮಣ್ಣು ಸುಮ್ಮನೆ ಇರೋದಿಲ್ಲ

"ಹಿತ್ತಿಲಲ್ಲೇ ಒಂದು ಕಾಂಕ್ರೀಟ್ ಹಾಕಿಸಿ ಮೇಲೆ ಮ್ಯಾಟ್ ಹಾಸೋಣ" ಅನ್ನೋದು ಯಾರಿಗಾದರೂ ಮೊದಲು ಹೊಳೆಯುವ ಉಪಾಯ. ಮಾವ ಅದಕ್ಕೆ ಉತ್ತರ ಹೇಳದೆ ಪಕ್ಕದ ಹಿತ್ತಲಿಗೆ ಕರೆದೊಯ್ದು ತೋರಿಸಿದರು. ಅಲ್ಲಿ ನಾಲ್ಕು ವರ್ಷದ ಹಿಂದೆ ಹಾಕಿದ ಕಾಂಕ್ರೀಟ್ ಹಾಸು. ಉದ್ದಕ್ಕೂ ಬಿರುಕು. ಒಂದು ಮೂಲೆ ಮೇಲೆದ್ದಿದೆ, ಇನ್ನೊಂದು ಕುಸಿದಿದೆ.

ಇದು ಮೇಸ್ತ್ರಿಯ ತಪ್ಪಲ್ಲ, ಮಣ್ಣಿನ ಗುಣ. ಈ ಭಾಗದ ಎರಿ ಮಣ್ಣಿನಲ್ಲಿರುವ ಜೇಡಿ ನೀರು ಕುಡಿದರೆ ಉಬ್ಬುತ್ತೆ, ಒಣಗಿದರೆ ಕುಗ್ಗುತ್ತೆ. ಬೇಸಿಗೆಯಲ್ಲಿ ಹೊಲದ ಬಿರುಕಿನೊಳಗೆ ಕೈ ಇಳಿಯುತ್ತೆ. ಮಳೆ ಬಿದ್ದ ಮೇಲೆ, ಸುತ್ತಲಿನ ಗದ್ದೆಗೆ ನೀರು ಬಿಟ್ಟ ಮೇಲೆ ಅದೇ ಬಿರುಕು ಮುಚ್ಚಿಕೊಂಡು ನೆಲ ಮೇಲೇಳುತ್ತೆ. ಪ್ರತಿ ವರ್ಷ ಹೀಗೆ ಉಸಿರಾಡುವ ಮಣ್ಣಿನ ಮೇಲೆ ಬಿಗಿಯಾಗಿ ಕೂರುವ ಯಾವ ಹಾಸೂ ಬಾಳೋದಿಲ್ಲ. ಬಾಳಬೇಕಾದರೆ ಆಳಕ್ಕೆ ಅಗೆದು, ಎರಿ ಮಣ್ಣು ತೆಗೆದು, ಗರಸು ತುಂಬಿ, ಕಬ್ಬಿಣ ಕಟ್ಟಬೇಕು. ಒಂದು ಕೋಣೆ ಕಟ್ಟುವಷ್ಟು ಖರ್ಚು.

ಹಳಬರಿಗೆ ಇದು ಗೊತ್ತಿತ್ತು. ಹಾಗಾಗಿಯೇ ಇಲ್ಲಿ ನೆಲ ಅನ್ನೋದು ಯಾವತ್ತೂ ಶಾಶ್ವತವಾದ ವಸ್ತು ಆಗಿರಲಿಲ್ಲ. ಕಣವನ್ನೇ ನೋಡಿ. ಪ್ರತಿ ಸುಗ್ಗಿಗೂ ಹೊಸದಾಗಿ ನೆಲ ಕೆತ್ತಿ, ನೀರು ಹೊಡೆದು, ದನ ತುಳಿಸಿ, ಸಗಣಿ ಸಾರಿಸಿ ಮಾಡುತ್ತಿದ್ದರು. ನಡುವೆ ಮೇಟಿ ಕಂಬ ನೆಟ್ಟು ಹಂತಿ ಕಟ್ಟಿ ಒಕ್ಕುತ್ತಿದ್ದರು. ಸುಗ್ಗಿ ಮುಗಿದರೆ ಕಣವೂ ಮುಗಿಯಿತು. ಗರಡಿಮನೆಯ ಮಣ್ಣನ್ನು ಪೈಲ್ವಾನರು ದಿನಾ ಅಗೆದು, ಹದ ಮಾಡಿ, ಮತ್ತೆ ಹರಡುತ್ತಿದ್ದರು. ದೊಡ್ಡಾಟದ ಅಟ್ಟವನ್ನು ಆಟದ ಹಿಂದಿನ ದಿನ ಕಟ್ಟಿ, ಬೆಳಗಾದ ಮೇಲೆ ಹಲಗೆ ಹಲಗೆ ಬಿಚ್ಚಿ ವಾಪಸ್ ಕೊಡುತ್ತಿದ್ದರು. ಎತ್ತಿಡುವ ನೆಲ ಮರಳಿಗೆ ನಾನು ಬೆಂಗಳೂರಿನಿಂದ ತಂದ ಐಡಿಯಾ ಅಲ್ಲ. ಅದು ಇಲ್ಲೇ ಇತ್ತು.

ಮದುವೆ ಇಲ್ಲದ ದಿನದ ಕೋರ್ಟ್

ಒಂದೇ ಜಾಗವನ್ನು ಇಬ್ಬರು ಹಂಚಿಕೊಂಡ ಕಥೆಗೆ ನಮ್ಮಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ಪ್ರಕಾಶ್ ಪಡುಕೋಣೆ ಆಟ ಕಲಿತದ್ದು ಬೆಂಗಳೂರು ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲ್‌ನಲ್ಲಿ. ಅದು ಮದುವೆ ನಡೆಯುವ ಹಾಲ್. ಮದುವೆ ಇಲ್ಲದ ದಿನ ಬ್ಯಾಡ್ಮಿಂಟನ್. ಲಗ್ನದ ಸೀಸನ್ ಬಂತು ಅಂದರೆ ಆಟಕ್ಕೆ ರಜೆ. ಹಾಗೆ ಕಲಿತ ಹುಡುಗ 1980ರಲ್ಲಿ ಆಲ್ ಇಂಗ್ಲೆಂಡ್ ಚಾಂಪಿಯನ್ ಆದರು. ಭಾರತಕ್ಕೆ ಆ ಪಟ್ಟ ಬಂದದ್ದು ಅದೇ ಮೊದಲು.

ಅಮೆರಿಕದ ಬಾಸ್ಟನ್‌ನದ್ದು ಇನ್ನೊಂದು ಕಥೆ. ಅಲ್ಲಿನ ಸೆಲ್ಟಿಕ್ಸ್ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ 1946ರಲ್ಲಿ ನೆಲ ಬೇಕಾಯಿತು. ಎರಡನೇ ಮಹಾಯುದ್ಧ ಆಗಷ್ಟೇ ಮುಗಿದಿತ್ತು, ಉದ್ದ ಹಲಗೆ ಸಿಗುತ್ತಿರಲಿಲ್ಲ. ಓಕ್ ಮರದ ಉಳಿಕೆ ತುಂಡುಗಳನ್ನೇ ಅಡ್ಡ, ಉದ್ದ ಜೋಡಿಸಿ ಐದಡಿ ಚೌಕದ 247 ಹಲಗೆಗಳನ್ನು ಮಾಡಿದರು. ಬೋಲ್ಟ್ ಹಾಕಿ ಬಿಗಿದರೆ ಕೋರ್ಟ್. ಬಿಚ್ಚಿದರೆ ಕೆಳಗೆ ಐಸ್ ಹಾಕಿಯ ಮಂಜಿನ ನೆಲ. ತುಂಡು ಜೋಡಿಸಿದ ಆ ವಿನ್ಯಾಸ ಆಮೇಲೆ ಜಗತ್ತಿಗೇ ಪ್ರಸಿದ್ಧವಾಯಿತು. ಮೊದಲಿಗೆ ಅದು ಬರೀ ಮರದ ಅಭಾವ.

ನೀವು ಬೆಂಗಳೂರಿನಲ್ಲಿ ಆ್ಯಪ್‌ನಲ್ಲಿ ಸ್ಲಾಟ್ ಬುಕ್ ಮಾಡಿ ಸಂಜೆ ಆಡುವವರಾದರೆ, ಮುಂದಿನ ಸಲ ಹಸಿರು ಮ್ಯಾಟಿನ ಅಂಚು ಎತ್ತಿ ನೋಡಿ. ಚೆನ್ನಾದ ಹಾಲ್ ಆಗಿದ್ದರೆ ಅದರ ಕೆಳಗೆ ಮರ ಇರುತ್ತೆ, ಮರದ ಕೆಳಗೆ ಪಟ್ಟಿ, ಪಟ್ಟಿಯ ಕೆಳಗೆ ರಬ್ಬರ್. ನಿಮ್ಮ ಮೊಣಕಾಲು ಉಳಿದಿರೋದು ಆ ರಬ್ಬರಿನಿಂದ. ಒಳಾಂಗಣ ಆಟದ ನೆಲಕ್ಕೆ ಯುರೋಪಿನಲ್ಲಿ ಇಎನ್ 14904 ಅನ್ನೋ ಮಾನದಂಡ ಇದೆ. ಕಾಂಕ್ರೀಟಿಗೆ ಹೋಲಿಸಿದರೆ ನೆಲ ಪೆಟ್ಟಿನ ಶೇ. 25ರಷ್ಟಾದರೂ ಹೀರಬೇಕು, ಶೇ. 75 ಮೀರಬಾರದು. ಹಾಗಂತ ಹಾಸಿಗೆಯಂತೆ ಮೆತ್ತಗೂ ಇರಬಾರದು. ಚೆಂಡು ಕಾಂಕ್ರೀಟಿನ ಮೇಲೆ ಪುಟಿಯುವುದರ ಶೇ. 90ರಷ್ಟಾದರೂ ಪುಟಿಯಬೇಕು.

ಇದನ್ನು ನಾನು ಬಡಿಗೇರ ಕಾಕಾಗೆ ಫೋನಿನಲ್ಲಿ ತೋರಿಸಿ ವಿವರಿಸಿದೆ. ಅವರು ಕನ್ನಡಕ ಏರಿಸಿ ಚಿತ್ರ ನೋಡಿದರು.

"ಇದನ್ನ ಹೇಳಾಕ ಇಷ್ಟ ಬರದಾರೇನ್ ಯವ್ವಾ? ದೊಡ್ಡಾಟದ ಅಟ್ಟಕ್ಕ ನಾವು ಇದನ್ನ ನೋಡ್ತಿದ್ವಿ. ಕುಣಿಯಾಂವಗ ಹಲಗಿ ಒಂಚೂರು ಬಳುಕಬೇಕು. ಇಲ್ಲಂದ್ರ ಮರುದಿನ ಮೊಣಕಾಲ ಏಳಂಗಿಲ್ಲ. ಭಾಳ ಬಳುಕಿದ್ರ ಗೆಜ್ಜಿ ಸಪ್ಪಳ ಬರಂಗಿಲ್ಲ."

ಮೂವತ್ತು ಹಲಗೆಯ ಲೆಕ್ಕ

ಪೂರ್ತಿ ಬ್ಯಾಡ್ಮಿಂಟನ್ ಕೋರ್ಟ್ ಅಂದರೆ 13.40 ಮೀಟರ್ ಉದ್ದ, 6.10 ಮೀಟರ್ ಅಗಲ. ಹೆಚ್ಚುಕಡಿಮೆ 44 ಅಡಿಗೆ 20 ಅಡಿ. ಅಷ್ಟು ಜಾಗವೂ ಇಲ್ಲ, ದುಡ್ಡೂ ಇಲ್ಲ. ಒಬ್ಬಳು ಅಭ್ಯಾಸ ಮಾಡೋಕೆ ಸಿಂಗಲ್ಸ್ ಕೋರ್ಟಿನ ಒಂದು ಬದಿ ಸಾಕು: 22 ಅಡಿಗೆ 17 ಅಡಿ. ನಾವು 24 ಅಡಿಗೆ 20 ಅಡಿ ಹಿಡಿದೆವು. ಪಕ್ಕಕ್ಕೆ ಒಂದೂವರೆ ಅಡಿ, ಹಿಂದಕ್ಕೆ ಎರಡು ಅಡಿ ಜಾಗ ಉಳಿಯಿತು.

ಪ್ಲೈವುಡ್ ಶೀಟ್ ಬರೋದು 8 ಅಡಿಗೆ 4 ಅಡಿ. ನಡುವೆ ಕೊಯ್ದರೆ ನಾಲ್ಕಡಿ ಚೌಕದ ಎರಡು ಹಲಗೆ. ಹದಿನೈದು ಶೀಟಿಗೆ ಮೂವತ್ತು ಹಲಗೆ, ಒಂದು ಚೂರೂ ದಂಡ ಆಗೋದಿಲ್ಲ. 18 ಮಿಲಿಮೀಟರ್ ದಪ್ಪದ, ಐಎಸ್ 710 ಗುರುತಿನ ಮೆರೈನ್ ಪ್ಲೈ ತಂದೆವು. ಅಗ್ಗದ ಪ್ಲೈ ನೀರು ಕಂಡರೆ ಪದರ ಬಿಡುತ್ತೆ.

"ತೇಗದ ಹಲಗಿ ಹಾಕೂಣು, ಛಂದ ಕಾಣತೈತಿ" ಅಂದರು ಮಾವ. ಬೇಡ ಅಂದವರು ಕಾಕಾ. ಇಡೀ ಮರದ ಹಲಗೆ ಮಳೆಗಾಲದಲ್ಲಿ ಅಗಲಕ್ಕೆ ಹಿಗ್ಗುತ್ತೆ, ಬೇಸಿಗೆಯಲ್ಲಿ ಕುಗ್ಗುತ್ತೆ. ಮಣ್ಣಿನ ಗುಣವೇ ಮರಕ್ಕೂ ಇದೆ. ಪ್ಲೈನಲ್ಲಿ ಒಂದು ಪದರದ ನಾರು ಉದ್ದಕ್ಕಿದ್ದರೆ ಮುಂದಿನದು ಅಡ್ಡಕ್ಕೆ. ಒಂದನ್ನೊಂದು ಹಿಡಿದುಕೊಳ್ಳೋದರಿಂದ ಅಷ್ಟು ಅಲುಗೋದಿಲ್ಲ. ಹಾಗಿದ್ದೂ ಎರಡು ಹಲಗೆಯ ನಡುವೆ ಒಂದು ರೂಪಾಯಿ ನಾಣ್ಯದ ದಪ್ಪದಷ್ಟು ಸಂದು ಬಿಟ್ಟೆವು.

ಹಲಗೆಯ ಕೆಳಗೆ ಎರಡಿಂಚು ಚೌಕದ ಮರದ ಪಟ್ಟಿಗಳು. ಸುತ್ತ ನಾಲ್ಕು, ನಡುವೆ ಎರಡು. ಪಟ್ಟಿಗಳನ್ನು ಸಾಮಿಲ್‌ನಿಂದ ತಂದ ದಿನ ಕಾಕಾ ಒಂದೊಂದನ್ನೂ ಬೆರಳಿನಿಂದ ತಟ್ಟಿ ಕೇಳಿದರು. ಮಂದ ಸದ್ದು ಬಂದದ್ದನ್ನು ಪಕ್ಕಕ್ಕಿಟ್ಟರು. ಹಸಿ ಇದ್ದ ಮರ ಆಮೇಲೆ ಒಣಗುತ್ತಾ ಸೊಟ್ಟಗಾಗುತ್ತೆ. ಮರಗೆಲಸಕ್ಕೆ ಸುಮಾರು ಶೇ. 12ರ ತೇವಾಂಶ ಸರಿ ಅಂತ ಪುಸ್ತಕ ಹೇಳುತ್ತೆ. ನೆಲ್ಲಿಗೂ ಮರಕ್ಕೂ ಈ ಊರಿನಲ್ಲಿ ಕೇಳುವ ಪ್ರಶ್ನೆ ಒಂದೇ: ಇನ್ನೂ ಎಷ್ಟು ಹಸಿ ಐತಿ?

ಬೆರಗಾದದ್ದು ರಬ್ಬರಿನ ವಿಷಯದಲ್ಲಿ. ಆಟದ ನೆಲಕ್ಕೆಂದೇ ಮಾರುವ ರಬ್ಬರ್ ಪ್ಯಾಡ್‌ಗಳು ನಮ್ಮ ಬಜೆಟ್‌ಗೆ ಎಟುಕಲಿಲ್ಲ. ಮಾವ ಕೊಟ್ಟಿಗೆಗೆ ಹೋಗಿ ಎಮ್ಮೆಯ ಕಾಲ ಕೆಳಗಿನ ಮ್ಯಾಟ್ ತೋರಿಸಿದರು. ದನ ಸಿಮೆಂಟ್ ಮೇಲೆ ನಿಂತು ಮೊಣಕಾಲು ಕೆಡಿಸಿಕೊಳ್ಳಬಾರದು ಅಂತಲೇ ಮಾಡಿದ ರಬ್ಬರ್ ಅದು. ಅಂಥ ಹೊಸ ಮ್ಯಾಟ್ ತಂದು ಮೂರಿಂಚಿನ ಚೌಕಗಳಾಗಿ ಕೊಯ್ದು, ಪ್ರತಿ ಹಲಗೆಯ ಪಟ್ಟಿಗಳ ಕೆಳಗೆ ಒಂಬತ್ತು ಕಡೆ ಅಂಟಿಸಿದೆವು. ಮೂವತ್ತು ಹಲಗೆಗೆ 270 ಚೌಕ. ಕೊಯ್ಯುವ ಕೆಲಸ ಹುಡುಗಿಯದು. ಎರಡು ಸಂಜೆ ಕೂತು ಕೊಯ್ದಳು, ಎಣಿಸಿದಳು, ಹತ್ತು ಹೆಚ್ಚಿಗೆ ಇಟ್ಟಳು.

ಪ್ಲೈನ ಅಂಚಿನ ಬಗ್ಗೆ ಒಂದು ಮಾತು. ನೀರು ಒಳಗೆ ಹೋಗೋದು ಮೇಲ್ಮೈಯಿಂದಲ್ಲ, ಕೊಯ್ದ ಅಂಚಿನಿಂದ. ಹಾಗಾಗಿ ಮೇಲೆ ಎರಡು ಕೋಟ್ ಪಾಲಿಶ್ ಹಾಕಿದರೆ ಅಂಚಿಗೆ ನಾಲ್ಕು. ಪಾಲಿಶ್ ಮಿರುಗುವಂಥದ್ದಲ್ಲ, ಮ್ಯಾಟ್ ಫಿನಿಶ್‌ನ ಪಿಯು. ಮಿರುಗಿದರೆ ಕಾಲು ಜಾರುತ್ತೆ, ಸಂಜೆ ಬಿಸಿಲು ಕಣ್ಣಿಗೆ ಹೊಡೆಯುತ್ತೆ. ಕೆಳಗಿನ ಪಟ್ಟಿಗಳಿಗೆ ಗೆದ್ದಲಿನ ಔಷಧಿ. ಕಾಲುವೆ ಸೀಮೆಯಲ್ಲಿ ಇದನ್ನು ಬಿಟ್ಟರೆ ಎರಡು ವರ್ಷಕ್ಕೆ ಪಟ್ಟಿ ಹೋಗಿ ಪುಡಿ ಉಳಿಯುತ್ತೆ.

ಒಟ್ಟು ಖರ್ಚು ಒಂದು ಹೊಸ ಸ್ಕೂಟರಿನ ಬೆಲೆಯ ಹತ್ತಿರ ಬಂತು. ಅರ್ಧ ನನ್ನದು, ಅರ್ಧ ಮಾವನದು. ಕಾಕಾ ಕೂಲಿ ಮಾತ್ರ ತಗೊಂಡರು, ತಲೆ ಓಡಿಸಿದ್ದಕ್ಕೆ ಏನೂ ತಗೊಳ್ಳಲಿಲ್ಲ.

ಸಾಲು ನೂಕೋ ದಿನ

ಮೊದಲು ನೆಲದ ಕೆಲಸ. ಹಿತ್ತಿಲ ಒಂದು ಭಾಗಕ್ಕೆ ಮೂರಿಂಚು ಗರಸು ಹಾಕಿ, ನೀರು ಚಿಮುಕಿಸಿ, ದಿಮ್ಮಸಿನಿಂದ ಬಡಿದು ಗಟ್ಟಿ ಮಾಡಿದೆವು. ನೀರು ಹರಿದು ಹೋಗೋಕೆ ಒಂದು ಕಡೆ ಚೂರು ಇಳಿಜಾರು. ಈ ಗರಸಿನ ಹಾಸು ನೆಲ್ಲು ಒಣಗಿಸೋಕೂ ಆಗುತ್ತೆ. ಮಾವ ಒಪ್ಪಿದ್ದು ಅದಕ್ಕೇ ಅಂತ ನನ್ನ ಅನುಮಾನ. ಅದರ ಮೇಲೆ ದಪ್ಪ ತಾಡಪತ್ರಿ. ಅದು ನೆಲ್ಲಿಗೆ ಹಾಸುವ ಅದೇ ತಾಡಪತ್ರಿ, ಕೆಳಗಿನ ಹಸಿ ಮರಕ್ಕೆ ಏರದ ಹಾಗೆ ತಡೆಯುತ್ತೆ.

ಹಲಗೆಗಳನ್ನು ಒಂದಕ್ಕೊಂದು ಕೂಡಿಸೋದು ಹೇಗೆ ಅನ್ನೋದೇ ದೊಡ್ಡ ಚರ್ಚೆಯಾಗಿತ್ತು. ಬೋಲ್ಟ್ ಹಾಕಿದರೆ ನಡುವಿನ ಹಲಗೆಯ ಕೆಳಗೆ ಕೈ ಹೋಗೋದಿಲ್ಲ. ಮೇಲಿಂದ ಸ್ಕ್ರೂ ಹೊಡೆದರೆ ಪ್ರತಿ ಸಲ ಬಿಚ್ಚಿ ಹಾಕುವಾಗ ತೂತು ಸಡಿಲಾಗುತ್ತೆ. ಕಾಕಾ ಕೊಟ್ಟ ಉತ್ತರ ಕೀಲು. ಪ್ರತಿ ಹಲಗೆಯ ಎರಡು ಬದಿಗೆ ಗಟ್ಟಿ ಜಾಲಿ ಮರದ ಎರಡೆರಡು ಕೀಲು, ಎದುರಿನ ಎರಡು ಬದಿಗೆ ಅದಕ್ಕೆ ತಕ್ಕ ತೂತು. ಗಾಡಿ ಚಕ್ರಕ್ಕೆ ಬಳಸುತ್ತಿದ್ದ ಮರ ಅದು, ಸವೆಯೋದಿಲ್ಲ.

ಕ್ರಮ ಹೀಗೆ: ಐದು ಹಲಗೆಯನ್ನು ಕೀಲಿನಿಂದ ಜೋಡಿಸಿ ಒಂದು ಸಾಲು ಮಾಡು. ಎರಡನೇ ಸಾಲನ್ನು ಒಂದು ಗೇಣು ದೂರದಲ್ಲಿ ಜೋಡಿಸು. ಆಮೇಲೆ ಇಡೀ ಸಾಲನ್ನು ನಾಲ್ಕು ಜನ ಹಿಡಿದು ಒಂದೇ ಸಲ ಮೊದಲ ಸಾಲಿನ ಕಡೆ ನೂಕು. ಹೀಗೆ ಆರು ಸಾಲು. ಕೊನೆಗೆ ಲಾರಿಯ ಲೋಡ್ ಬಿಗಿಯುವ ಬೆಲ್ಟ್‌ಗಳನ್ನು ಒಂದಕ್ಕೊಂದು ಸೇರಿಸಿ ಸುತ್ತಲೂ ಹಾಕಿ ಟಕಟಕ ಅಂತ ಬಿಗಿ. ಭತ್ತದ ಲಾರಿ ಓಡುವ ಊರಿನಲ್ಲಿ ಬೆಲ್ಟಿಗೇನು ಬರ?

ಒಂದು ಹಲಗೆಯ ತೂಕ 27–28 ಕೆಜಿ. ಇಬ್ಬರು ಆರಾಮಾಗಿ ಹಿಡಿಯಬಹುದು. ಮೂವತ್ತೂ ಸೇರಿದರೆ 840 ಕೆಜಿ ಹತ್ತಿರ. "ಹನ್ನೊಂದು ಚೀಲ ನೆಲ್ಲು" ಅಂದರು ಮಾವ. ಇಲ್ಲಿ ಚೀಲ ಅಂದರೆ 75 ಕೆಜಿ. ಎತ್ತಿಡುವಾಗ ಹದಿನೈದರಂತೆ ಎರಡು ಅಟ್ಟಿ ಒಟ್ಟಿದರೆ ಗೋದಾಮಿನ ಒಂದು ಮೂಲೆ ಸಾಕು. ಕೆಳಗೆ ಇಟ್ಟಿಗೆ ಇಟ್ಟು ನೆಲದಿಂದ ಎತ್ತರಿಸಬೇಕು ಅಷ್ಟೇ.

ಮಧ್ಯಾಹ್ನದ ಹೊತ್ತಿಗೆ ಆರೂ ಸಾಲು ಕೂತವು. ಅಲ್ಲಲ್ಲಿ ಲೊಡಲೊಡ ಅಂದ ಕಡೆ ಕಾಕಾ ಮರದ ಬೆಣೆ ಕೊಟ್ಟರು. ನಾವೆಲ್ಲ ಮೇಲೆ ನಿಂತು ತುಳಿದು ನೋಡುತ್ತಿದ್ದಾಗ ಅಜ್ಜಿ ಬಾಗಿಲಿಗೆ ಬಂದರು.

"ಚಪ್ಪಲಿ ಬಿಡ್ರಿ! ಕಣದಾಗ ಚಪ್ಪಲಿ ಹಾಕ್ಕೊಂಡ ಅಡ್ಡಾಡ್ತಾರೇನು?"

ಆಟ ಸಾಕು ಅಂದಿದ್ದ ಅಜ್ಜಿಯ ಬಾಯಲ್ಲಿ ಅದು ಕಣ ಆಗಿಬಿಟ್ಟಿತ್ತು. ಯಾರೂ ಎದುರು ಮಾತಾಡದೆ ಚಪ್ಪಲಿ ಬಿಟ್ಟೆವು. ಮರದ ನೆಲಕ್ಕೆ ಹೊರಗಿನ ಮಣ್ಣು, ಮರಳು ತಾಗಬಾರದು ಅನ್ನೋದು ಎಲ್ಲ ಒಳಾಂಗಣದಲ್ಲೂ ಇರುವ ನಿಯಮವೇ. ಹುಡುಗಿಯ ಆಟದ ಶೂ ಈಗ ಹಿತ್ತಿಲ ಬಾಗಿಲ ಹತ್ತಿರ ಒಂದು ಡಬ್ಬಿಯಲ್ಲಿ ಇರುತ್ತೆ. ಓಣಿಗೆ ಹೋಗೋದಿಲ್ಲ.

ನೆಟ್‌ಗೆ ಎರಡು ಹಳೆ ಪೈಪ್, ಕೆಳಗೆ ಕಾಂಕ್ರೀಟ್ ತುಂಬಿದ ಪೇಂಟ್ ಡಬ್ಬಿ. ಕಂಬದ ಹತ್ತಿರ ಎತ್ತರ 1.55 ಮೀಟರ್. ನೆಟ್‌ನ ಈ ಕಡೆ ಮರ, ಆ ಕಡೆ ಗರಸು. ಆ ಕಡೆ ನಿಂತು ಆಡೋದು ಮಾವ ಇಲ್ಲ ಅವಳ ಗೆಳತಿಯರು, ಗೇಮಿಗೊಮ್ಮೆ ಬದಿ ಬದಲು. ಬಯಲಿನ ದೊಡ್ಡ ಶತ್ರು ಗಾಳಿ. ವಿಶ್ವ ಬ್ಯಾಡ್ಮಿಂಟನ್ ಫೆಡರೇಶನ್ 2019ರಲ್ಲಿ ಬಯಲಿಗೆಂದೇ ಏರ್‌ಬ್ಯಾಡ್ಮಿಂಟನ್ ಶುರು ಮಾಡಿ ಗಾಳಿ ತಡೆಯುವ ಶಟಲ್ ತಂದಿದೆ. ನಮ್ಮಲ್ಲಿ ಅದಕ್ಕೂ ಎಷ್ಟೋ ಮೊದಲೇ ಉಣ್ಣೆಯ ಚೆಂಡಿನ ಬಾಲ್ ಬ್ಯಾಡ್ಮಿಂಟನ್ ಇತ್ತು. ಮರಳಿಯ ಹಿತ್ತಿಲಲ್ಲಿ ಸದ್ಯಕ್ಕೆ ಗಾಳಿಗೆ ಅಡ್ಡ ನಿಂತಿರೋದು ಹುಲ್ಲಿನ ಬಣವೆ. ಆಟ ಬೆಳಿಗ್ಗೆ ಏಳರೊಳಗೆ, ಸಂಜೆ ಐದೂವರೆಯ ಮೇಲೆ. ಉಳಿದ ಹೊತ್ತು ನೆಲದ ಮೇಲೆ ತಾಡಪತ್ರಿ ಮುಚ್ಚಿರುತ್ತೆ.

ವರ್ಷದ ಒಪ್ಪಂದವೂ ಆಯಿತು. ಜನವರಿಯಿಂದ ಮಾರ್ಚ್, ಜೂನ್‌ನಿಂದ ಅಕ್ಟೋಬರ್ ಹುಡುಗಿಗೆ. ಜೋರು ಮಳೆ ಬಂದರೆ ಎತ್ತಿಡಬೇಕು. ಏಪ್ರಿಲ್–ಮೇ, ನವೆಂಬರ್–ಡಿಸೆಂಬರ್ ನೆಲ್ಲಿಗೆ.

ಹಿತ್ತಿಲಿಂದ ಹೊರಗೆ

ಇಷ್ಟೇ ಆಗಿದ್ದರೆ ಇದೊಂದು ಹಿತ್ತಿಲ ಕಥೆ. ಆದರೆ ನನ್ನ ಮನಸ್ಸಿನಲ್ಲಿ ಒಂದು ಮುಳ್ಳು ಇತ್ತು. ಓಣಿಯಲ್ಲಿ ಆಡುತ್ತಿದ್ದ ಹುಡುಗಿಯನ್ನು ಹಿತ್ತಿಲಿಗೆ ತಂದೆವು. ಮೊಣಕಾಲಿಗೆ ಒಳ್ಳೇದಾಯಿತು, ಸರಿ. ಜನರ ಕಣ್ಣಿನಿಂದ ಮರೆಯಾಗಿ ಆಡು ಅಂತಲೂ ಹೇಳಿದಂತೆ ಆಯಿತಲ್ಲವೇ? ಅಕ್ಕನನ್ನು ಕೇಳಿದೆ. "ಆಡೂದ ನಿಂತ ಹೋಗೂದಕ್ಕಿಂತ ಹಿತ್ತಲದಾಗ ಆಡೂದು ಚಲೋ ಅಲ್ಲೇನು" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಬಂದದ್ದು ಹಲಗೆಯಿಂದಲೇ. ಫೆಬ್ರವರಿಯಲ್ಲಿ ಶಾಲೆಯ ಗ್ಯಾದರಿಂಗ್. ಮಕ್ಕಳ ಕುಣಿತಕ್ಕೆ ವೇದಿಕೆಯ ಮೇಲೆ ಹಾಸೋಕೆ ಹಲಗೆ ಬೇಕಿತ್ತು. ಯಾರೋ ಮಾವನ ಹಿತ್ತಿಲ ಸುದ್ದಿ ಹೇಳಿದರು. ಹನ್ನೆರಡು ಹಲಗೆ, ಹದಿನಾರು ಅಡಿಗೆ ಹನ್ನೆರಡು ಅಡಿ ಆಗುವಷ್ಟು, ಟ್ರ್ಯಾಕ್ಟರ್ ಟ್ರ್ಯಾಲಿಯಲ್ಲಿ ಶಾಲೆಗೆ ಹೋದವು. ಹಾಕೋದು ಹೇಗೆ ಅಂತ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವಳು ಒಬ್ಬಳೇ. ಎಂಟನೇ ಕ್ಲಾಸಿನ ಹುಡುಗಿ ಮೈದಾನದ ನಡುವೆ ನಿಂತು, "ಸಾಲು ಜೋಡಸ್ರಿ, ಆಮ್ಯಾಲ ನೂಕ್ರಿ, ಒಬ್ಬೊಬ್ಬರ ನೂಕಬ್ಯಾಡ್ರಿ" ಅಂತ ಹತ್ತನೇ ಕ್ಲಾಸಿನ ಹುಡುಗರಿಗೆ ಹೇಳಿ ಹಾಕಿಸಿದಳಂತೆ. ಅಕ್ಕ ವಿಡಿಯೊ ಕಳಿಸಿದ್ದಾಳೆ. ಅದರಲ್ಲಿ ಅವಳ ದನಿ ಮೈಕಿಗಿಂತ ಜೋರಾಗಿದೆ.

ಗ್ಯಾದರಿಂಗ್ ಮುಗಿದ ವಾರ ಆಟದ ಮೇಷ್ಟ್ರು ಮನೆಗೆ ಬಂದು ಇನ್ನೊಂದು ಕೇಳಿದರು. ತಿಂಗಳಿಗೊಂದು ಶನಿವಾರ ಮೂವತ್ತೂ ಹಲಗೆ ಶಾಲೆಗೆ ಬಂದರೆ ಉಳಿದ ಹುಡುಗಿಯರೂ ಆಡಬಹುದಲ್ಲ ಅಂತ. ಟ್ರ್ಯಾಲಿ ಮಾವನದು, ಡೀಸೆಲ್ ಶಾಲೆಯ ಹಿರಿಯ ವಿದ್ಯಾರ್ಥಿಗಳದು. ನೆಲ್ಲಿಗೆ ಜಾಗ ಬಿಡೋಕೆ ಅಂತ ಎತ್ತುವ ಹಾಗೆ ಮಾಡಿದ ನೆಲ ಹೀಗೆ ಎದ್ದು ಊರೊಳಗೆ ಹೊರಟಿತು. ಮೊದಲ ಶನಿವಾರ ಆಡಿದ ಹುಡುಗಿಯರು ಹನ್ನೊಂದು ಜನ. ನೋಡೋಕೆ ನಿಂತವರಲ್ಲಿ ಅಜ್ಜಿಯೂ ಇದ್ದರು, ಚಪ್ಪಲಿ ಕಾಯುತ್ತಾ.

ನೀವೂ ನಿಮ್ಮ ಊರಿನಲ್ಲಿ ಇಂಥದ್ದೊಂದು ಮಾಡೋದಾದರೆ ಪೂರ್ತಿ ಕೋರ್ಟಿಗೆ ಕಾಯಬೇಡಿ. ಹನ್ನೆರಡು ಹಲಗೆಯಿಂದ ಶುರು ಮಾಡಿ. ಸ್ಕಿಪ್ಪಿಂಗ್, ಪಾದಚಲನೆಯ ಅಭ್ಯಾಸ, ಯೋಗ, ಭರತನಾಟ್ಯ ಎಲ್ಲಕ್ಕೂ ಅದು ಸಾಕು. ದುಡ್ಡು ಕೂಡಿದ ಹಾಗೆ ಸಾಲು ಸೇರಿಸಿ. ಎಲ್ಲ ಹಲಗೆಯ ಅಳತೆ ಒಂದೇ ಇರಲಿ, ಕೀಲಿನ ತೂತಿಗೆ ಒಂದು ತಗಡಿನ ಅಚ್ಚು ಮಾಡಿಟ್ಟುಕೊಳ್ಳಿ. ಮಣ್ಣು ಎರಿ ಆಗಿದ್ದರೆ ಗರಸು ಬಿಡಬೇಡಿ, ಮಸಾರಿ ಆಗಿದ್ದರೆ ಅಷ್ಟು ಚಿಂತೆ ಇಲ್ಲ. ಮುಖ್ಯವಾಗಿ ನಿಮ್ಮ ಊರಿನ ಬಡಿಗೇರರನ್ನು ಮೊದಲು ಕೇಳಿ, ಯೂಟ್ಯೂಬನ್ನು ಆಮೇಲೆ.

ಇನ್ನೊಂದು: ಹಲಗೆಗಳಿಗೆ ನಂಬರ್ ಹಾಕಿ, ಹೆಸರು ಬರೆಯಿರಿ. ನಮ್ಮ ಮೂವತ್ತು ಹಲಗೆಗಳ ಹಿಂಬದಿಗೆ ಹುಡುಗಿ ಕೆಂಪು ಪೇಂಟಿನಲ್ಲಿ 'ಮರಳಿ 1', 'ಮರಳಿ 2' ಅಂತ ಮೂವತ್ತರವರೆಗೆ ಬರೆದಿದ್ದಾಳೆ. ಊರಿನ ಹೆಸರೂ ಆಯಿತು, ಒಯ್ದವರಿಗೆ ವಾಪಸ್ ತಂದಿಡಿ ಅಂತ ಹೇಳಿದಂತೆಯೂ ಆಯಿತು.